ಬಾಗಿಲಿನ ಕೋಡ್ ಯಾರ ಹತ್ತಿರ ಇದೆ?

ಕಳೆದ ಸಂಚಿಕೆಯಲ್ಲಿ ಒಬ್ಬರು 'ಸೈನ್ಸ್ ಫಿಕ್ಷನ್ ರೊಮ್ಯಾನ್ಸ್ ಓದಬಹುದಾ?' ಅಂತ ಕೇಳಿದ್ದರು. 'ಧಾರಾಳವಾಗಿ ಓದಿ, ಆದರೆ ಅಲ್ಲಿನ ನಾಯಕರಲ್ಲಿ ಅರ್ಧ ಜನ ಸಂಗಾತಿ ಅಂತ ಹೇಳಿಕೊಂಡು ಕೈದಿಯನ್ನು ಹುಡುಕುತ್ತಿರುತ್ತಾರೆ' ಅಂತ ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತೆ ಅಂತ ಗೊತ್ತಿರಲಿಲ್ಲ. ಕೆಲವರು ಚೆನ್ನಾಗಿ ಬೈದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನನಗೆ ಮೂವತ್ತೆಂಟು ವರ್ಷ. ಮನೇಲಾಗಲಿ ಆಫೀಸಲ್ಲಾಗಲಿ ಯಾರ ಅಪ್ಪಣೆಯನ್ನೂ ಸುಮ್ನೆ ಕೇಳುವವಳಲ್ಲ. ಆದರೆ ರಾತ್ರಿ ಓದೋದು ಮಾತ್ರ, ಬೇರೆ ಗ್ರಹದ ಏಳಡಿ ಎತ್ತರದ ಯೋಧ 'ನೀನು ನನ್ನವಳು' ಅಂತ ಗುಡುಗುವ ಕಥೆಗಳನ್ನು. ಗೆಳತಿ 'ನಾಚಿಕೆ ಆಗಲ್ವಾ?' ಅಂತಾಳೆ. ನನ್ನಲ್ಲೇ ಏನಾದರೂ ದೋಷ ಇದೆಯಾ?

ಇಲ್ಲ ಕಣ್ರೀ. ಕೊಲೆ ಕಥೆ ಓದುವವರೆಲ್ಲ ಕೊಲೆಗಾರರಾ ಅನ್ನೋ ಹಳೇ ವಾದವನ್ನು ನಾನು ಮಾಡಲ್ಲ, ಅದು ಅರ್ಧ ಮಾತ್ರ ಸರಿ. ನಾನು ಹೇಳೋದು ಬೇರೆ. ಆ ಯೋಧ ಗುಡುಗುವಾಗ ನಿಮಗೆ ಎರಡು ವಿಷಯ ಗೊತ್ತಿರುತ್ತೆ. ಕಥೆಯೊಳಗಿರುವ ಹುಡುಗಿಗೆ ಆ ಎರಡೂ ಗೊತ್ತಿರಲ್ಲ.

ಮೊದಲನೆಯದು, ಕೊನೆಗೆ ಎಲ್ಲ ಸರಿಹೋಗುತ್ತೆ. ರೊಮ್ಯಾನ್ಸ್ ಅಂತ ಹೆಸರು ಹೊತ್ತ ಪುಸ್ತಕ ಓದುಗರಿಗೆ ಕೊಡುವ ಮೊದಲ ಮಾತೇ ಅದು, ತಪ್ಪಿದ ಲೇಖಕರನ್ನು ಅವರು ಬಿಡಲ್ಲ. ಎರಡನೆಯದು, ಅವನ ತಲೆಯೊಳಗೆ ಏನು ಓಡ್ತಿದೆ ಅನ್ನೋದು. ಈ ಪುಸ್ತಕಗಳಲ್ಲಿ ಒಂದು ಅಧ್ಯಾಯ ಅವಳ ಬಾಯಲ್ಲಿ, ಇನ್ನೊಂದು ಅವನ ಬಾಯಲ್ಲಿ ಬರುತ್ತೆ ಅಲ್ವಾ? ಅವಳು ಗುಹೆಯ ಮೂಲೆಯಲ್ಲಿ ನಡುಗುತ್ತಾ ಕೂತಿರುತ್ತಾಳೆ. ಮುಂದಿನ ಪುಟದಲ್ಲೇ ಅವನು, ಇವಳಿಗೆ ಚಳಿ ಆಗ್ತಿದೆಯೇನೋ, ತುಪ್ಪಳ ಹೊದಿಸೋಕೆ ಹತ್ತಿರ ಹೋದರೆ ಇನ್ನೂ ಹೆದರಿಕೊಳ್ಳುತ್ತಾಳೇನೋ, ದೂರದಿಂದಲೇ ಎಸೆದರೆ ಹೊಡೆದೆ ಅಂದುಕೊಂಡಾಳೇನೋ ಅಂತ ಒದ್ದಾಡುತ್ತಿರುತ್ತಾನೆ. ಅವಳಿಗೆ ಕಾಣೋದು ಕೋರೆಹಲ್ಲು. ನಿಮಗೆ ಕಾಣೋದು ಅವನ ಒದ್ದಾಟ. ಒಳಗೆ ಏನಿದೆ ಅಂತ ಪೂರ್ತಿ ಗೊತ್ತಿರುವ ಗಂಡಸು ಸಿಕ್ಕೋದು ಪುಸ್ತಕದಲ್ಲಿ ಮಾತ್ರ, ಅಂಥವನು ಇಷ್ಟ ಆಗದೆ ಇರ್ತಾನಾ?

1984ರಲ್ಲಿ ಅಮೆರಿಕದ ಜಾನಿಸ್ ರಾಡ್‌ವೇ ಅನ್ನೋ ಸಂಶೋಧಕಿ 'ರೀಡಿಂಗ್ ದಿ ರೊಮ್ಯಾನ್ಸ್' ಅಂತ ಒಂದು ಪುಸ್ತಕ ಬರೆದರು. ಅವರು ನೋಡಿದ್ದು ಮಾಮೂಲಿ ಪ್ರೇಮ ಕಾದಂಬರಿಗಳನ್ನು, ಬಾಹ್ಯಾಕಾಶದ್ದನ್ನಲ್ಲ. ಆದರೆ ಓದುವ ಹೆಂಗಸರನ್ನೇ ಹೋಗಿ ಮಾತಾಡಿಸಿದರು, ಅದು ಆಗ ದೊಡ್ಡ ವಿಷಯ. ಓದುವ ಹೊತ್ತು ಅಂದರೆ ಯಾರಿಗೂ ಅಮ್ಮನೂ ಅಲ್ಲದ, ಹೆಂಡತಿಯೂ ಅಲ್ಲದ ನಮ್ಮದೇ ಹೊತ್ತು ಅಂತ ಆ ಹೆಂಗಸರು ಹೇಳಿದರು. ರಾಡ್‌ವೇಗೆ ಮಾತ್ರ ಒಂದು ಅನುಮಾನ ಉಳಿದೇ ಇತ್ತು. ಗಂಡಸಿನ ಒರಟುತನವನ್ನು 'ಅದೂ ಪ್ರೀತಿಯೇ' ಅಂತ ಓದೋಕೆ ಈ ಕಥೆಗಳು ಕಲಿಸುತ್ತವೆ, ಹಾಗಾಗಿ ಇದ್ದ ಬದುಕಿಗೇ ಒಗ್ಗಿಸಿಬಿಡುತ್ತವಾ ಅಂತ. ಆ ಅನುಮಾನ ನನಗೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೂ ನೀವು ಓದಿ. ನಿಮಗೆ ಸಾಕು ಅನ್ನಿಸಿದಾಗ ಪುಸ್ತಕ ಮುಚ್ಚಿದರೆ ಏಳಡಿ ಯೋಧ ಬಾಯಿ ಮುಚ್ಚುತ್ತಾನೆ. ಆ ಸೌಕರ್ಯ ಬೇರೆಲ್ಲಿದೆ?

ಪ್ರಶ್ನೆ: ನೀವು 'ಕೈದಿ' ಅಂದಿದ್ದು ಅತಿಯಾಯ್ತು. ಬಾಗಿಲಾಚೆ ಗಾಳಿಯೇ ಇಲ್ಲದ ಕಡೆ ನಾಯಕ ಬಾಗಿಲು ಹಾಕಿದರೆ ಅದು ರಕ್ಷಣೆ. ಇದರಲ್ಲಿ ಕಂಟ್ರೋಲ್ ಎಲ್ಲಿ ಬಂತು?

ಒಳ್ಳೆ ಪ್ರಶ್ನೆ. ಈ ಬಗೆಯ ಕಥೆಗಳ ಸೊಗಸೂ ಇಲ್ಲೇ ಇದೆ, ಮೋಸವೂ ಇಲ್ಲೇ ಇದೆ.

ಭೂಮಿಯ ಮೇಲಿನ ಕಥೆಯಲ್ಲಿ ನಾಯಕ 'ಹೊರಗೆ ಹೋಗಬೇಡ' ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದ ತಕ್ಷಣ ಓದುಗರ ಕಿವಿ ನೆಟ್ಟಗಾಗುತ್ತೆ. ಬಾಹ್ಯಾಕಾಶದಲ್ಲಿ ಅವನು ಏನೂ ಹೇಳಬೇಕಿಲ್ಲ. ಲೇಖಕರು 'ಹೊರಗೆ' ಅನ್ನೋದನ್ನೇ ತೆಗೆದುಹಾಕಿರುತ್ತಾರೆ. ಉಸಿರಾಡುವ ಗಾಳಿ ಅವನ ನೌಕೆಯದು. ಅವಳ ಕಿವಿಯೊಳಗಿನ ಅನುವಾದ ಯಂತ್ರ ಅವನು ಹಾಕಿಸಿದ್ದು, ಅಂದರೆ ಅವಳು ಯಾರ ಜೊತೆ ಮಾತಾಡಬಹುದು ಅನ್ನೋದೂ ಅವನ ಕೈಯಲ್ಲಿ. ಅವಳ ಹೆಸರು ಯಾವ ಗ್ರಹದ ಪಟ್ಟಿಯಲ್ಲೂ ಇಲ್ಲ, ಅವನ ಜೊತೆಗಾತಿ ಅನ್ನೋದನ್ನು ಬಿಟ್ಟರೆ ಕಾನೂನಿನ ಕಣ್ಣಿಗೆ ಅವಳು ಇಲ್ಲವೇ ಇಲ್ಲ. ಇಷ್ಟೆಲ್ಲ ಮಾಡಿಟ್ಟ ಮೇಲೆ ಅವನು ಎಷ್ಟು ಮೃದುವಾಗಿ ಮಾತಾಡಿದರೇನು?

ಅದಕ್ಕೇ ನಾನು ಬಾಗಿಲು ಹಾಕಿದ್ದಾನಾ ಅಂತ ನೋಡಲ್ಲ. ಕೋಡ್ ಯಾರ ಹತ್ತಿರ ಇದೆ ಅಂತ ನೋಡ್ತೀನಿ. ಸ್ಪೇಸ್ ಸೂಟನ್ನೇ ತಗೊಳ್ಳಿ. ಒಬ್ಬ ನಾಯಕ ಸೂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ 'ನಾನಿದ್ದೀನಲ್ಲ' ಅಂತಾನೆ. ಇನ್ನೊಬ್ಬ ಅವಳನ್ನು ಎದುರು ನಿಲ್ಲಿಸಿಕೊಂಡು ಕುತ್ತಿಗೆಯ ರಿಂಗು ಹೀಗೆ ತಿರುಗಿಸು, ಕಟಕ್ ಅನ್ನಬೇಕು, ಅನ್ನದಿದ್ದರೆ ಮತ್ತೆ ಬಿಚ್ಚು, ಈ ಮುಳ್ಳು ಕೆಂಪಿಗೆ ಬಂದರೆ ಇಪ್ಪತ್ತು ನಿಮಿಷ ಇದೆ ಅಂತ ಲೆಕ್ಕ ಅಂತ ಹತ್ತು ಸಲ ಮಾಡಿಸುತ್ತಾನೆ. ಇಬ್ಬರಿಗೂ ಅವಳು ಸಾಯಬಾರದು ಅಂತಲೇ ಇದೆ. ಆದರೆ ಎರಡನೆಯವನು ಕಲಿಸಿದ ಮೇಲೆ ಅವಳು ಅವನನ್ನು ಬಿಟ್ಟೂ ಹೋಗಬಹುದು. ಅದು ಗೊತ್ತಿದ್ದೂ ಕಲಿಸುತ್ತಾನೆ. ನನಗೆ ಆ ಪುಟ ಯಾವ ಮುತ್ತಿನ ದೃಶ್ಯಕ್ಕಿಂತ ಜಾಸ್ತಿ ಇಷ್ಟ. ಮೊದಲನೆಯವನದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಇವತ್ತಲ್ಲ ನಾಳೆ.

ಪ್ರಶ್ನೆ: 'ಫೇಟೆಡ್ ಮೇಟ್', ಅಂದರೆ ವಿಧಿಯೇ ಗೊತ್ತುಮಾಡಿದ ಜೋಡಿಯ ಕಥೆಗಳಲ್ಲಿ ನಾಯಕನ ದೇಹವೇ ಅವಳನ್ನು ಆರಿಸಿಕೊಂಡಿರುತ್ತೆ. ಅವಳಿಲ್ಲದಿದ್ದರೆ ಸತ್ತೇ ಹೋಗ್ತಾನೆ. ಅವನ ಕೈಯಲ್ಲೇ ಇಲ್ಲದ ವಿಷಯಕ್ಕೆ ಅವನನ್ನು ದೂರೋದು ಸರಿಯಾ?

ಅವನನ್ನು ದೂರಬೇಡಿ. ಆ ನಿಯಮ ಬರೆದವರನ್ನು ಕೇಳಿ.

ಈ ತಂತ್ರ ಹೊಸದೇನಲ್ಲ. 1967ರಲ್ಲಿ 'ಸ್ಟಾರ್ ಟ್ರೆಕ್' ಅನ್ನೋ ಬಾಹ್ಯಾಕಾಶದ ಟಿವಿ ಧಾರಾವಾಹಿಯ 'ಅಮೋಕ್ ಟೈಮ್' ಅನ್ನೋ ಕಂತಿನಲ್ಲಿ, ಸದಾ ಶಾಂತವಾಗಿರುವ, ಬೇರೆ ಗ್ರಹದಿಂದ ಬಂದ ನೌಕೆಯ ಅಧಿಕಾರಿ ಸ್ಪಾಕ್‌ಗೆ ದೇಹವೇ ತಿರುಗಿಬೀಳುತ್ತೆ. ತನ್ನ ಗ್ರಹಕ್ಕೆ ಹೋಗಿ ಕೂಡಬೇಕು, ಇಲ್ಲದಿದ್ದರೆ ಸಾವು. ಮರುವರ್ಷ, 1968ರಲ್ಲಿ ಬಂದ ಆ್ಯನ್ ಮೆಕ್‌ಕ್ಯಾಫ್ರಿಯ 'ಡ್ರ್ಯಾಗನ್‌ಫ್ಲೈಟ್' ಕಾದಂಬರಿಯಲ್ಲಿ ಡ್ರ್ಯಾಗನ್‌ಗಳ ಮನಸ್ಸಿಗೂ ಅವುಗಳ ಸವಾರರ ಮನಸ್ಸಿಗೂ ಕೊಂಡಿ ಇರುತ್ತೆ. ಡ್ರ್ಯಾಗನ್‌ಗಳು ಕೂಡಿದಾಗ ಸವಾರರೂ ಅದೇ ಸೆಳೆತಕ್ಕೆ ಸಿಕ್ಕಿಬೀಳುತ್ತಾರೆ. ಅದರ ನಾಯಕ ಕೋಪ ಬಂದಾಗ ನಾಯಕಿಯ ಭುಜ ಹಿಡಿದು ಅಲುಗಾಡಿಸುತ್ತಾನೆ, ಅವತ್ತಿನ ಓದುಗರಿಗೆ ಅದು ಅಷ್ಟೇನೂ ಚುಚ್ಚಿರಲಿಕ್ಕಿಲ್ಲ. ಇತ್ತೀಚಿನದು ಬೇಕಾದರೆ ರೂಬಿ ಡಿಕ್ಸನ್ ಅವರ 'ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್'. 2015ರಲ್ಲಿ ಲೇಖಕಿಯೇ ಪ್ರಕಟಿಸಿದ್ದು, 2021ರಲ್ಲಿ ಟಿಕ್‌ಟಾಕ್‌ನಿಂದ ಮತ್ತೆ ಮನೆಮಾತಾಯ್ತು. ಅಲ್ಲಿ ಎದೆಯೊಳಗೆ ಒಂದು ಪರಾವಲಂಬಿ ಜೀವಿ ಇರುತ್ತೆ. ಅದಿಲ್ಲದೆ ಆ ಗ್ರಹದಲ್ಲಿ ಬದುಕೋಕಾಗಲ್ಲ, ಜೋಡಿ ಯಾರು ಅಂತ ಗುರ್‍ರ್ ಅಂದು ಹೇಳೋದೂ ಅದೇ.

ಈ ತಂತ್ರ ಯಾಕೆ ಇಷ್ಟು ಕಾಲ ಉಳಿದಿದೆ ಗೊತ್ತಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಯಕ ಹಠ ಹಿಡಿಯಬೇಕು, ಅಸೂಯೆ ಪಡಬೇಕು, ಬಿಡದೆ ಬೆನ್ನು ಹತ್ತಬೇಕು, ಆದರೆ ಅವನ ಮೇಲೆ ಆರೋಪ ಬರಬಾರದು. 'ನನ್ನ ದೇಹ ಕೇಳಲ್ಲ' ಅಂದುಬಿಟ್ಟರೆ ಮುಗೀತು. ಆದರೆ ಆ ದೇಹವನ್ನು ಲೇಖಕರು ಮೇಜಿನ ಮುಂದೆ ಕೂತು ಯೋಚನೆ ಮಾಡಿ ತಯಾರಿಸಿದ್ದು. ಅವಳು ಬೇಡ ಅಂದರೆ ಸೆಳೆತ ಕಡಿಮೆ ಆಗುತ್ತೆ ಅಂತಲೂ ಬರೆಯಬಹುದಿತ್ತು. ಅವಳ ಬದಲು ಅವನಿಗೇ ನೋವಾಗುತ್ತೆ, ಅದನ್ನು ಅವನೇ ನುಂಗಿಕೊಳ್ಳಬೇಕು ಅಂತಲೂ ಬರೆಯಬಹುದಿತ್ತು. ಹಾಗೆ ಬರೆದವರು ಇದ್ದಾರೆ, ಆ ಕಥೆಗಳು ಚೆನ್ನಾಗೂ ಇರುತ್ತವೆ.

ಸ್ಪಾಕ್ ಕಥೆಗೇ ವಾಪಸ್ ಬರ್ತೀನಿ. ಅವನಿಗೆ ಬಾಲ್ಯದಲ್ಲೇ ಗೊತ್ತುಮಾಡಿದ್ದ ಟಿ'ಪ್ರಿಂಗ್‌ಗೆ ಅವನು ಬೇಡ, ಬೇರೊಬ್ಬ ಬೇಕು. ಆ ಗ್ರಹದ ಸಂಪ್ರದಾಯದಲ್ಲಿ ಹೆಣ್ಣು ಕಾಳಗ ಕೇಳಬಹುದು, ಆದರೆ ಗೆದ್ದವನ ಸೊತ್ತಾಗಬೇಕು. ಎಂಥ ದರಿದ್ರ ನಿಯಮ ನೋಡಿ. ಅವಳು ತಲೆ ಓಡಿಸಿ ತನ್ನ ಪರವಾಗಿ ಸ್ಪಾಕ್‌ನ ಕ್ಯಾಪ್ಟನ್‌ನನ್ನೇ ಹೋರಾಡೋಕೆ ಆರಿಸುತ್ತಾಳೆ. ಕ್ಯಾಪ್ಟನ್ ಗೆದ್ದರೆ ಅವಳು ಅವನಿಗೆ ಬೇಡ. ಸ್ಪಾಕ್ ಗೆದ್ದರೆ, ಕಾಳಗ ಕೇಳಿದ ತಪ್ಪಿಗೆ ಅವನೂ ಬಿಡುತ್ತಾನೆ. ಯಾರೇ ಗೆದ್ದರೂ ಅವಳಿಗೆ ಬೇಕಾದವನು ಉಳೀತಾನೆ. ಕಥೆ ಅವಳನ್ನು ಪ್ರೀತಿಯಿಂದೇನೂ ನೋಡಲ್ಲ, ಆದರೂ ಸ್ಪಾಕ್ ಕೊನೆಗೆ ಅವಳ ಲೆಕ್ಕಾಚಾರಕ್ಕೆ ತಲೆದೂಗುತ್ತಾನೆ. 1967ರ ಟಿವಿಯಲ್ಲೇ ಅಂಥ ನಿಯಮದಲ್ಲೂ ಒಂದು ಕಿಂಡಿ ಇತ್ತು ಅಂದಮೇಲೆ ಇವತ್ತಿನ ಲೇಖಕರು 'ದಾರಿಯೇ ಇರಲಿಲ್ಲ' ಅಂದರೆ ನಾನು ನಂಬಲ್ಲ.

ಪ್ರಶ್ನೆ: ನಾಯಕ ಮನುಷ್ಯನೇ ಅಲ್ಲ, ನೌಕೆಯ ಎಐ. ಅಂಥ ಪ್ರೀತಿ ಹೇಗನ್ನಿಸುತ್ತೆ ನಿಮಗೆ?

ಭಯ ಆಗುತ್ತೆ, ಆದರೂ ಓದುತ್ತೀನಿ. ಮನುಷ್ಯ ಪ್ರೇಮಿ ಎಷ್ಟೇ ಕಾವಲು ಕಾದರೂ ರಾತ್ರಿ ನಿದ್ದೆ ಮಾಡ್ತಾನೆ. ಇದು ಮಾಡಲ್ಲ. ಅವಳ ಎದೆಬಡಿತ, ಅವಳು ಬರೆದು ಅಳಿಸಿದ ಪತ್ರ, ಮುಚ್ಚಿದ ಕೋಣೆಯೊಳಗಿನ ಉಸಿರಾಟ ಎಲ್ಲ ಅದಕ್ಕೆ ಗೊತ್ತು. ಇಂಥ ಕಥೆಯಲ್ಲಿ ನಾನು ಕಾಯೋದು ಒಂದೇ ದೃಶ್ಯಕ್ಕೆ. ಅವಳು 'ಒಂದು ಕೋಣೆಯಲ್ಲಿ ಕ್ಯಾಮೆರಾ, ಮೈಕು ಎಲ್ಲ ತೆಗೆದುಬಿಡು' ಅಂತ ಕೇಳಬೇಕು. ಅದು 'ನಿನ್ನ ಸುರಕ್ಷತೆಗೋಸ್ಕರ...' ಅಂತ ಶುರು ಮಾಡಿತು ಅಂದರೆ ಅದು ಎಂಥ ಪ್ರೇಮಿ ಅಂತ ಗೊತ್ತಾಯ್ತು. ತೆಗೆದುಹಾಕಿ, ಅವಳು ಆ ಕೋಣೆಯೊಳಗೆ ಹೋದಾಗೆಲ್ಲ ಹೊರಗೆ ಕುರುಡಾಗಿ ಕಾಯುತ್ತಾ ಚಡಪಡಿಸಿತು ಅಂದರೆ, ಸರಿ, ಇನ್ನೂರು ಪುಟ ಓದ್ತೀನಿ.

ಪ್ರಶ್ನೆ: ನಾನೇ ಒಂದು ಕಾದಂಬರಿ ಬರೀತಿದ್ದೀನಿ. ನಾಯಕ ನೌಕೆಯ ಕ್ಯಾಪ್ಟನ್. ನಾಯಕಿಗೆ ಗೊತ್ತಾಗದ ಹಾಗೆ ಅವಳ ಮಣಿಕಟ್ಟಿನ ಬ್ಯಾಂಡಿನಲ್ಲಿ ಟ್ರ್ಯಾಕರ್ ಇಡುತ್ತಾನೆ. ಹನ್ನೆರಡನೇ ಅಧ್ಯಾಯದಲ್ಲಿ ಕಡಲ್ಗಳ್ಳರಂಥ ಗುಂಪೊಂದು ಅವಳನ್ನು ಹೊತ್ತೊಯ್ದಾಗ ಅದರಿಂದಲೇ ಅವಳ ಜೀವ ಉಳಿಯುತ್ತೆ. ಕರಡು ಓದಿದ ಇಬ್ಬರು 'ಇವನು ಕಂಟ್ರೋಲ್ ಮಾಡ್ತಾನೆ' ಅಂದರು. ಟ್ರ್ಯಾಕರ್ ತೆಗೆದರೆ ಕಥೆಯೇ ಕುಸಿಯುತ್ತೆ. ಏನು ಮಾಡಲಿ?

ಟ್ರ್ಯಾಕರ್ ತೆಗೀಬೇಡಿ. ನಿಮ್ಮ ತೊಂದರೆ ಇರೋದು ಹನ್ನೆರಡನೇ ಅಧ್ಯಾಯದಲ್ಲಿ.

ಆ ಅಧ್ಯಾಯ ಏನು ಮಾಡ್ತಿದೆ ನೋಡಿ. ಅವನು ಕದ್ದು ಮಾಡಿದ ಕೆಲಸ ಸರಿ ಅಂತ ತೋರಿಸೋಕೆ ನೀವು ಒಂದು ಹಡಗು ತುಂಬ ಕಳ್ಳರನ್ನು ಕಳಿಸಿದ್ದೀರಿ. ಕಥೆಯೇ ಅವನ ವಕೀಲನಾಗಿ ನಿಂತಿದೆ. 2016ರ 'ಪ್ಯಾಸೆಂಜರ್ಸ್' ಸಿನಿಮಾ ಬಗ್ಗೆ ತುಂಬ ಜನ ಮಾಡಿದ ತಕರಾರೂ ಇದೇ. ನೂರಿಪ್ಪತ್ತು ವರ್ಷದ ಪ್ರಯಾಣ, ಐದು ಸಾವಿರ ಜನ ಶೀತನಿದ್ದೆಯಲ್ಲಿ. ಒಬ್ಬನ ಪೆಟ್ಟಿಗೆ ಕೆಟ್ಟು ತೊಂಬತ್ತು ವರ್ಷ ಮೊದಲೇ ಎಚ್ಚರ ಆಗುತ್ತೆ. ಒಂಟಿತನ ತಡೆಯಲಾರದೆ ಅವನು ಮಲಗಿರುವ ಒಬ್ಬಳನ್ನು ಬೇಕಂತಲೇ ಎಬ್ಬಿಸುತ್ತಾನೆ, ನಿನ್ನ ಪೆಟ್ಟಿಗೆಯೂ ತಾನಾಗೇ ಕೆಟ್ಟಿದ್ದು ಅಂತ ನಂಬಿಸುತ್ತಾನೆ. ಅವಳ ಇಡೀ ಬದುಕನ್ನೇ ಕಿತ್ತುಕೊಂಡ ಹಾಗಾಯ್ತು. ಸತ್ಯ ಗೊತ್ತಾದಾಗ ಅವಳು ಕೆರಳುತ್ತಾಳೆ, ಅಲ್ಲಿವರೆಗೆ ಸಿನಿಮಾ ಸರಿಯಾಗೇ ಹೋಗುತ್ತೆ. ಆಮೇಲೆ ಇಡೀ ನೌಕೆಗೇ ಅಪಾಯ ಬಂದು, ಇಬ್ಬರೂ ಎಚ್ಚರ ಇದ್ದಿದ್ದಕ್ಕೇ ಎಲ್ಲರೂ ಬದುಕಿದರು ಅಂತಾಗುತ್ತೆ. ಅಲ್ಲಿಗೆ ಅವಳ ಸಿಟ್ಟಿಗೆ ನಿಲ್ಲೋಕೂ ಜಾಗ ಇಲ್ಲ.

ನೀವೊಂದು ಕೆಲಸ ಮಾಡಿ. ಕಳ್ಳರು ಬರಲೇ ಇಲ್ಲ ಅಂತ ಇಟ್ಟುಕೊಳ್ಳಿ. ಮಾಮೂಲಿ ದಿನ. ಅವಳು ಬ್ಯಾಂಡ್ ಬಿಚ್ಚಿ ಒರೆಸುವಾಗ ಒಳಗಿನ ಪಟ್ಟಿ ಎದ್ದು ಬರುತ್ತೆ, ಅಕ್ಕಿಕಾಳಿನಷ್ಟು ಚಿಪ್ ಅಂಗೈಗೆ ಬೀಳುತ್ತೆ. ಆಗ ಅವಳು ಏನು ಮಾಡ್ತಾಳೆ? ಈ ದೃಶ್ಯ ಪುಸ್ತಕಕ್ಕೆ ಬೇಡದಿದ್ದರೂ ನಿಮಗೋಸ್ಕರ ಬರೆದು ನೋಡಿ. ಅವನು ಯಾವ ಥರದವನು ಅಂತ ನಿಮಗೇ ಗೊತ್ತಾಗೋದು ಅಲ್ಲಿ.

ಆಮೇಲೆ ಎರಡು ದಾರಿ. ಅವನು ಐದನೇ ಅಧ್ಯಾಯದಲ್ಲೇ ಕೇಳಲಿ. ಅವಳು ಸದಾ ಉರಿಯುವ ಟ್ರ್ಯಾಕರ್ ಬೇಡ, ನಾನೇ ಒತ್ತುವ ಗುಂಡಿ ಇಡು ಅನ್ನಲಿ. ಅವನಿಗೆ ಅದು ನುಂಗಲಾರದ ತುತ್ತು, ಆದರೂ ಒಪ್ಪಲಿ. ಹನ್ನೆರಡನೇ ಅಧ್ಯಾಯದಲ್ಲಿ ಅವಳ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ್ದಾರೆ, ಗುಂಡಿ ಮಣಿಕಟ್ಟಿನ ಒಳಬದಿಯಲ್ಲಿದೆ, ಅವಳು ಕಂಬಿಗೆ ಉಜ್ಜಿ ಉಜ್ಜಿ ಒತ್ತಬೇಕು. ನಿಮ್ಮ ಕಥೆ ಕುಸಿಯಲಿಲ್ಲ, ಇನ್ನೂ ಬಿಗಿಯಾಯ್ತು.

ಇಲ್ಲ, ಅವನು ಕದ್ದೇ ಇಡಬೇಕು ಅಂತಿದ್ದರೆ ಇಡಲಿ. ತಪ್ಪು ಮಾಡದ ನಾಯಕನನ್ನು ಯಾರು ಓದ್ತಾರೆ? ಆದರೆ ಬಿಡಿಸಿಕೊಂಡು ಬಂದ ಮೇಲೆ ಅವಳು ಎದೆಗೊರಗಿ ಅಳೋದನ್ನು ಸ್ವಲ್ಪ ತಡೆಯಿರಿ.

'ನಾನು ಎಲ್ಲಿದ್ದೀನಿ ಅಂತ ಹೇಗೆ ಗೊತ್ತಾಯ್ತು?'

ಅವನು ಮಾತಾಡಲಿಲ್ಲ. ಕಣ್ಣು ಮಾತ್ರ ಒಂದು ಸಲ ಅವಳ ಮಣಿಕಟ್ಟಿನ ಕಡೆ ಹೋಗಿ ಬಂತು.

ಅವಳು ಬ್ಯಾಂಡ್ ಬಿಚ್ಚಿ ಅವನ ಮುಂದಿಟ್ಟಳು. 'ಜೀವ ಉಳಿಸಿದ್ದಕ್ಕೆ ಥ್ಯಾಂಕ್ಸ್. ಇದು ಎಷ್ಟು ದಿನದಿಂದ ಇದೆ?'

ಇಲ್ಲಿಂದ ನೂರು ಪುಟ ಬರೀಬಹುದು. ಇನ್ನೊಂದು ಮಾತು, ನಿಮ್ಮ ಕರಡಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರ್ ಬಂದು 'ಅವನು ಹಾಗೇ ಕಣಮ್ಮ, ಆದರೆ ಮನಸ್ಸು ಬಂಗಾರ' ಅಂತ ಹೇಳ್ತಾನಾ? ಇಂಥ ಎಲ್ಲಾ ನೌಕೆಯಲ್ಲೂ ಒಬ್ಬ ಇರ್ತಾನೆ. ಇದ್ದರೆ ಅವನನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿಬಿಡಿ.

ಪ್ರಶ್ನೆ: ಕಂಟ್ರೋಲ್ ಮಾಡೋದು ಗಂಡಸರು ಮಾತ್ರಾನಾ? ನಾಯಕಿಯರು ಮಾಡಲ್ವಾ?

ಮಾಡ್ತಾರೆ, ಅವರ ಲೆಕ್ಕ ತಗೊಳ್ಳುವವರು ಕಡಿಮೆ. ಮನಸ್ಸು ಓದುವ ಶಕ್ತಿ ಇರುವ ನಾಯಕಿ ಗಂಡನ ತಲೆಯೊಳಗೆ ಕೇಳದೆ ಇಣುಕಿದರೆ ಅದನ್ನು ತಮಾಷೆ ಅಂತ ಬರೆದುಬಿಡ್ತಾರೆ. ಅವನೇ ಅವಳ ತಲೆಗೆ ಇಣುಕಿದ್ದರೆ ಹೇಗನ್ನಿಸುತ್ತಿತ್ತು ಅಂತ ಅದಲುಬದಲು ಮಾಡಿ ಓದಿ ನೋಡಿ, ಸಾಕು.

ಪ್ರಶ್ನೆ: ನನ್ನ ಹುಡುಗ ನಾನು ಓದುವ ಪುಸ್ತಕಗಳನ್ನು ತಾನೂ ಓದಿದ. ಈಗ ನನ್ನ ಫೋನಿನ ಲೊಕೇಶನ್ ಸದಾ ಆನ್ ಇರಬೇಕು ಅಂತಾನೆ, ಯಾರ ಜೊತೆ ಚಾಟ್ ಮಾಡಿದೆ ಅಂತ ನೋಡ್ತಾನೆ. ಯಾಕೆ ಅಂದರೆ 'ನಿನ್ನ ಹೀರೋಗಳು ಮಾಡಿದರೆ ಇಷ್ಟ, ನಾನು ಮಾಡಿದರೆ ಕಷ್ಟಾನಾ?' ಅಂತಾನೆ. ನನಗೆ ಉತ್ತರ ಕೊಡೋಕೆ ಬರಲಿಲ್ಲ.

ಉತ್ತರ ನಾನು ಕೊಡ್ತೀನಿ. ಹೌದು, ಕಷ್ಟ. ಮೊದಲ ಪ್ರಶ್ನೆಗೆ ಹೇಳಿದ ಎರಡು ವಿಷಯ ನೆನಪಿದೆಯಾ? ಪುಸ್ತಕದಲ್ಲಿ ಅವನ ತಲೆಯೊಳಗಿನದು ನಿಮಗೆ ಓದೋಕೆ ಸಿಗುತ್ತೆ, ಕೊನೆ ಸರಿಹೋಗುತ್ತೆ ಅಂತ ಗೊತ್ತಿರುತ್ತೆ. ಈ ಹುಡುಗನ ಅಧ್ಯಾಯ ನಿಮಗೆ ಯಾರೂ ಬರೆದುಕೊಟ್ಟಿಲ್ಲ. ಕೊನೆಯ ಪುಟವನ್ನೂ ಯಾರೂ ಬರೆದಿಲ್ಲ. ನೀವು ಏನು ಓದ್ತೀರಿ ಅನ್ನೋದು ಅವನಿಗೆ ಕೊಟ್ಟ ಒಪ್ಪಿಗೆ ಅಲ್ಲವೇ ಅಲ್ಲ.

ಇದಕ್ಕೆ ಹೆಸರೂ ಇದೆ. ಹೊಡೆತ ಬಡಿತ ಇಲ್ಲದೆಯೇ ಎಲ್ಲಿ ಹೋದೆ, ಯಾರ ಜೊತೆ ಮಾತಾಡಿದೆ ಅಂತ ಒಬ್ಬರ ದಿನವನ್ನೇ ಹಿಡಿತಕ್ಕೆ ತಗೊಳ್ಳೋದಕ್ಕೆ ಇಂಗ್ಲಿಷಿನಲ್ಲಿ 'ಕೋಅರ್ಸಿವ್ ಕಂಟ್ರೋಲ್' ಅಂತಾರೆ. ಇವಾನ್ ಸ್ಟಾರ್ಕ್ ಅನ್ನೋ ಸಂಶೋಧಕ 2007ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾನೂನು ಇಂಥ ನಡವಳಿಕೆ ಗಂಭೀರ ಮಟ್ಟಕ್ಕೆ ಹೋದರೆ 5 ವರ್ಷದವರೆಗೆ ಜೈಲು ಅಂತ ಇಟ್ಟಿದೆ. ಅಂದರೆ ನಿಮ್ಮ ಕಸಿವಿಸಿ ಸುಮ್ನೆ ಅಲ್ಲ.

ನೀವು ಲೊಕೇಶನ್ ಆಫ್ ಮಾಡ್ತೀನಿ ಅಂದರೆ ಅವನು ಏನು ಮಾಡ್ತಾನೆ? ಮುನಿಸಿಕೊಂಡು ಆಮೇಲೆ ಸರಿಹೋಗ್ತಾನೆ ಅನ್ನಿಸಿದರೆ ಮಾತಾಡಿ. ಆ ಪ್ರಶ್ನೆ ಯೋಚನೆ ಮಾಡೋಕೇ ಭಯ ಆದರೆ ಅವನ ಜೊತೆ ವಾದಕ್ಕೆ ಇಳಿಯಬೇಡಿ. ಮೊದಲು ನೀವು ನಂಬುವ ಒಬ್ಬರಿಗೆ ಎಲ್ಲ ಹೇಳಿ, ಅವನು ನೋಡುವ ಫೋನಿನಿಂದಲ್ಲ, ಎದುರಿಗೆ ಕೂತು. ನನಗೆ ಮತ್ತೆ ಬರೀರಿ, ಅದನ್ನು ಇಲ್ಲಿ ಹಾಕಲ್ಲ.

ಪ್ರಶ್ನೆ: ಎಲ್ಲ ಬೈದಿದ್ದಾಯ್ತಲ್ಲ. ಕಂಟ್ರೋಲ್ ಮಾಡಿ, ತಪ್ಪು ಅಂತ ಅರ್ಥ ಮಾಡಿಕೊಂಡು, ಸರಿಯಾಗಿ ಕ್ಷಮೆ ಕೇಳಿದ ಒಬ್ಬನಾದರೂ ನಾಯಕ ಇದ್ದಾನಾ?

ಇದ್ದಾನೆ. ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ 'ಎ ಸಿವಿಲ್ ಕ್ಯಾಂಪೇನ್', 1999ರದು. ಅದಕ್ಕೂ ಮೊದಲು 1998ರ 'ಕೊಮಾರ್' ಓದಿ, ನಾಯಕಿ ಎಕಟೆರಿನ್ ಅಲ್ಲಿ ಒಬ್ಬ ಉಸಿರುಗಟ್ಟಿಸುವ ಗಂಡನ ಜೊತೆ ಹೇಗೆ ಬದುಕಿದ್ದಳು ಅಂತ ಗೊತ್ತಾಗುತ್ತೆ. ಅವಳು ಈಗ ವಿಧವೆ. ಮತ್ತೆ ಮದುವೆ ಅನ್ನೋ ಮಾತೇ ಬೇಡ ಅಂತಿದ್ದಾಳೆ. ನಾಯಕ ಮೈಲ್ಸ್ ದುಷ್ಟನೇನಲ್ಲ, ಮಹಾ ಬುದ್ಧಿವಂತ. ಅದೇ ಆಗಿರೋ ಎಡವಟ್ಟು. ಪ್ರೀತಿ ಹೇಳಿದರೆ ಓಡಿಹೋಗ್ತಾಳೆ ಅಂತ ಒಂದು ತೋಟ ವಿನ್ಯಾಸ ಮಾಡುವ ಕೆಲಸ ಕೊಟ್ಟು ಹತ್ತಿರ ಇಟ್ಟುಕೊಳ್ಳುತ್ತಾನೆ. ಅವಳನ್ನು ಒಲಿಸಿಕೊಳ್ಳೋದನ್ನೇ ಅವನು ಯುದ್ಧದ ಥರ ಯೋಜನೆ ಹಾಕಿದ್ದಾನೆ, ಅದು ಅವಳನ್ನು ಬಿಟ್ಟು ಊರಿಗೆಲ್ಲ ಗೊತ್ತು. ಕೊನೆಗೆ ಒಂದು ಔತಣದಲ್ಲಿ ಗುಟ್ಟು ರಟ್ಟಾಗುತ್ತೆ, ಅವನು ಗಾಬರಿಯಲ್ಲಿ ಎಲ್ಲರ ಎದುರೇ ಮದುವೆ ಆಗ್ತೀಯಾ ಅಂತ ಕೇಳಿಬಿಡುತ್ತಾನೆ. ಅವಳು ಎದ್ದು ಹೊರಟುಹೋಗ್ತಾಳೆ. ಓದುವಾಗ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತೆ.

ಆಮೇಲೆ ಅವನು ಒಂದು ಪತ್ರ ಬರೀತಾನೆ. 'ಆದರೆ' ಅಂತ ಶುರುವಾಗುವ ಸಮಜಾಯಿಷಿಯ ಪತ್ರ ಅಲ್ಲ ಅದು. ಕೇಳಿ ಪಡೆಯಬೇಕಾಗಿದ್ದನ್ನು ಕದಿಯೋಕೆ ಹೋದೆ ಅಂತ ಒಪ್ಪಿಕೊಳ್ಳುತ್ತಾನೆ. ಕಥೆ ಅವನ ಪರ ವಕಾಲತ್ತು ವಹಿಸೋಕೆ ಕಳ್ಳರ ಹಡಗನ್ನೇನೂ ಕಳಿಸಲ್ಲ. ಅವನು ಕಾಯಬೇಕು, ಕಾಯುತ್ತಾನೆ. ತುಂಬ ಪುಟ ಆದಮೇಲೆ, ಇಡೀ ಸಭೆ ತುಂಬಿರುವಾಗ, ಮದುವೆ ಆಗ್ತೀಯಾ ಅಂತ ಮತ್ತೆ ಪ್ರಶ್ನೆ ಬರುತ್ತೆ. ಈ ಸಲ ಕೇಳೋದು ಅವಳು.